ಆಟ ಮಹಡಿಯಲ್ಲಿ, ಪರದೆ ಹಜಾರದಲ್ಲಿ: ನಡುವಿನ ತಂತಿ ಹೇಗಿರಬೇಕು?

ಪ್ರಶ್ನೆ: ನಾವು ತುಮಕೂರಿನ ಕ್ಯಾತ್ಸಂದ್ರದಲ್ಲಿದ್ದೇವೆ. ಕೆಳಮನೆ ಹಳೆಯ ಸೈಜುಗಲ್ಲಿನದು, ಮಹಡಿಯನ್ನು ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿಸಿದೆವು. ಗ್ರಾಫಿಕ್ಸ್ ಕಾರ್ಡ್ ಇರುವ ಮಗನ ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿದೆ, ಆದರೆ ಬೇಸಿಗೆಯಲ್ಲಿ ಅಲ್ಲಿ ಕೂರಲಾಗುವುದಿಲ್ಲ. ಅದೇ ಆಟಗಳನ್ನು ಕೆಳಗೆ ಹಜಾರದಲ್ಲಿ, ಟಿವಿಗೆ ಜೋಡಿಸಿದ ಹಳೆಯ ಲ್ಯಾಪ್‌ಟಾಪಿನ ಮೂಲಕ ಆಡಬೇಕೆಂದು ಅವನಿಗೂ ಅವನ ಅಕ್ಕನಿಗೂ ಆಸೆ. ವೈಫೈನಲ್ಲಿ ಎರಡು ನಿಮಿಷ ಚೆನ್ನಾಗಿ ನಡೆದು, ಆಮೇಲೆ ಚಿತ್ರ ಒಡೆಯುತ್ತದೆ; ಗುಂಡಿ ಒತ್ತಿ ಎಷ್ಟೋ ಹೊತ್ತಿನ ಮೇಲೆ ಪರದೆಯಲ್ಲಿ ಬೊಂಬೆ ಅಲುಗುತ್ತದೆ. ತಂತಿ ಎಳೆಸೋಣವೆಂದರೆ ಒಬ್ಬೊಬ್ಬರದು ಒಂದೊಂದು ಮಾತು. ಇಂಟರ್ನೆಟ್ ಕೊಟ್ಟವರು 300 ಎಂಬಿಪಿಎಸ್ ಪ್ಲಾನಿಗೆ ಬದಲಾಯಿಸಿ ಎನ್ನುತ್ತಾರೆ. ಅಂಗಡಿಯವರು ಕ್ಯಾಟ್ 8 ಕೇಬಲ್ಲೇ ಆಗಬೇಕು ಎನ್ನುತ್ತಾರೆ. ಎಲೆಕ್ಟ್ರಿಷಿಯನ್, ‘ಕರೆಂಟ್ ಪೈಪಿನಲ್ಲೇ ಎಳೆದುಬಿಡುತ್ತೇನೆ, ಗೋಡೆ ಒಡೆಯುವುದೇ ಬೇಡ’ ಎನ್ನುತ್ತಾರೆ. ಇದಲ್ಲದೆ ನಮ್ಮ ಭಾವನವರ ಮನೆ ಕಾಂಪೌಂಡಿನಾಚೆ ಸುಮಾರು ನಲವತ್ತು ಮೀಟರ್ ದೂರದಲ್ಲಿದೆ. ತೆಂಗಿನಮರಗಳಿಗೆ ಕಟ್ಟಿಕೊಂಡು ಅಲ್ಲಿಗೂ ಒಂದು ಕೇಬಲ್ ಹಾಯಿಸಬಹುದೇ?

ಉತ್ತರ: ಗೋಡೆ ಕೊರೆಸಿ, ಹಣ ಸುರಿದ ಮೇಲೂ ಚಿತ್ರ ಒಡೆಯುತ್ತಲೇ ಇದ್ದರೆ ಏನು ಗತಿ ಎಂಬುದು ನಿಮ್ಮ ಪತ್ರದ ಹಿಂದಿರುವ ಚಿಂತೆ. ಈ ಜಿಲ್ಲೆಯ ಮನೆ, ಶಾಲೆ, ಕಚೇರಿಗಳಿಗೆ ಬಹಳ ವರ್ಷಗಳಿಂದ ಕೇಬಲ್ ಎಳೆಸುತ್ತ ಬಂದಿರುವ ನನಗೆ ಆ ಚಿಂತೆಗೆ ಕಾರಣವಿದೆ ಎಂದೇ ಅನಿಸುತ್ತದೆ. ನಿಮಗೆ ಸಿಕ್ಕಿರುವ ಮೂರು ಸಲಹೆಗಳಲ್ಲಿ ಒಂದು ಅನಗತ್ಯ, ಇನ್ನೊಂದು ದುಂದು, ಮೂರನೆಯದು ಅಪಾಯಕರ. ಭಾವನವರ ಮನೆಯ ವಿಷಯವೇ ಬೇರೆಯಾದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಮೊದಲು ನಿಮ್ಮ ಮನೆಯೊಳಗೆ ನಡೆಯುವ ಕೆಲಸವೇನೆಂದು ನೋಡೋಣ. ಮಹಡಿಯ ಕಂಪ್ಯೂಟರ್ ಆಟದ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಬಿಡಿಸುತ್ತದೆ. ಎಂದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು ಮಾತ್ರ. ಹಾಗೆ ಬಿಡಿಸಿದ ಪ್ರತಿಯೊಂದು ಚಿತ್ರವನ್ನೂ ಗ್ರಾಫಿಕ್ಸ್ ಕಾರ್ಡಿನಲ್ಲಿರುವ ಎನ್‌ಕೋಡರ್ ಕುಗ್ಗಿಸಿ, ಸಣ್ಣ ಸಣ್ಣ ಕಂತೆಗಳಾಗಿ ಕೆಳಗೆ ಕಳಿಸುತ್ತದೆ. ಲ್ಯಾಪ್‌ಟಾಪ್ ಆ ಕಂತೆಗಳನ್ನು ಬಿಚ್ಚಿ, ಮತ್ತೆ ಚಿತ್ರವಾಗಿಸಿ ಟಿವಿಗೆ ಕೊಡುತ್ತದೆ. ಮಗ ಒತ್ತಿದ ಗುಂಡಿಯ ಸುದ್ದಿ ಅದೇ ದಾರಿಯಲ್ಲಿ ಮೇಲಕ್ಕೆ ಹೋಗುತ್ತದೆ. ಈ ವ್ಯವಹಾರವೆಲ್ಲ ನಿಮ್ಮ ಮನೆಯ ಗೋಡೆಗಳೊಳಗೇ ಮುಗಿಯುತ್ತದೆ, ಇಂಟರ್ನೆಟ್ಟಿಗೆ ಇದರಲ್ಲಿ ಪಾತ್ರವಿಲ್ಲ. ಆದ್ದರಿಂದ 300 ಎಂಬಿಪಿಎಸ್ ಪ್ಲಾನ್ ತೆಗೆದುಕೊಳ್ಳುವುದೆಂದರೆ ಮಹಡಿಯಿಂದ ಹಜಾರಕ್ಕೆ ಇಳಿಯಲು ಊರಾಚೆಯ ಹೆದ್ದಾರಿಯನ್ನು ಅಗಲ ಮಾಡಿಸಿದ ಹಾಗೆ. ಆಟವನ್ನು ಡೌನ್‌ಲೋಡ್ ಮಾಡುವಾಗ ಆ ಪ್ಲಾನ್ ಉಪಯೋಗಕ್ಕೆ ಬರುತ್ತದೆ, ಆಡುವಾಗ ಬರುವುದಿಲ್ಲ.

ಬೇಕಾಗುವ ವೇಗವೂ ಜನ ಭಾವಿಸುವಷ್ಟು ದೊಡ್ಡದಲ್ಲ. ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಮೂನ್‌ಲೈಟ್ ಎಂಬ ತಂತ್ರಾಂಶ 1080 ಪಿಕ್ಸೆಲ್, 60 ಫ್ರೇಮಿನ ಚಿತ್ರಕ್ಕೆ ತಾನಾಗಿ ಇಟ್ಟುಕೊಳ್ಳುವುದು 20 ಎಂಬಿಪಿಎಸ್. 4ಕೆ ಚಿತ್ರಕ್ಕೆ 80. ಇದಕ್ಕೆಂದೇ 2015ರಲ್ಲಿ ಮಾರುಕಟ್ಟೆಗೆ ಬಂದಿದ್ದ ಸ್ಟೀಮ್ ಲಿಂಕ್ ಪೆಟ್ಟಿಗೆಯಲ್ಲಿ ಇದ್ದದ್ದೂ 100 ಎಂಬಿಪಿಎಸ್ ಪೋರ್ಟೇ, ಅದೇ ಸಾಕಾಗುತ್ತಿತ್ತು.

ಹಾಗಾದರೆ ನೂರಾರು ಎಂಬಿಪಿಎಸ್ ತೋರಿಸುವ ವೈಫೈ ಈ ಇಪ್ಪತ್ತನ್ನು ಏಕೆ ಹೊರಲಾರದು? ವೈಫೈನಲ್ಲಿ ಒಂದು ಚಾನೆಲ್ಲಿನ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬೇಕು. ಪಕ್ಕದ ಮನೆಯ ರೌಟರೂ ಅದೇ ಚಾನೆಲ್ಲಿನಲ್ಲಿದ್ದರೆ ಅದರ ಸರದಿ ಮುಗಿಯುವವರೆಗೆ ನಿಮ್ಮದು ಕಾಯಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚಿದೆ, ಆದರೆ ಆ ತರಂಗ ಸೈಜುಗಲ್ಲಿನ ಗೋಡೆ, ಕಬ್ಬಿಣ ಕಟ್ಟಿದ ಆರ್‌ಸಿಸಿ ಚಾವಣಿಗಳನ್ನು ದಾಟುವಷ್ಟರಲ್ಲಿ ಬಹುಪಾಲು ಸೊರಗಿಹೋಗುತ್ತದೆ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ: ಎರಡೂ ಕಂಪ್ಯೂಟರ್‌ಗಳು ವೈಫೈನಲ್ಲಿದ್ದರೆ ಪ್ರತಿಯೊಂದು ಕಂತೆಯೂ ಗಾಳಿಯಲ್ಲಿ ಎರಡು ಸಲ ಹಾಯಬೇಕು, ಮಹಡಿಯಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಲ್ಯಾಪ್‌ಟಾಪಿಗೆ ಇನ್ನೊಮ್ಮೆ. ಸಿನಿಮಾ ನೋಡುವಾಗ ಈ ತಡೆಗಳು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ, ಪರದೆಗೆ ಬೇಕಾಗುವ ಚಿತ್ರಗಳು ಎಷ್ಟೋ ಸೆಕೆಂಡು ಮುಂಚೆಯೇ ಬಂದು ಶೇಖರವಾಗಿರುತ್ತವೆ. ಆಟದಲ್ಲಿ ಹಾಗೆ ಮುಂಚಿತವಾಗಿ ತರಿಸಿಡಲು ಬರುವುದಿಲ್ಲ, ಏಕೆಂದರೆ ಮುಂದಿನ ಚಿತ್ರ ಯಾವುದೆಂಬುದು ನಿಮ್ಮ ಮಗ ಈಗ ಒತ್ತಲಿರುವ ಗುಂಡಿಯ ಮೇಲೆ ನಿಂತಿರುತ್ತದೆ.

ತಂತಿಯಿಂದ ಸಿಗುವ ಲಾಭ ಈ ಏರುಪೇರು ನಿಲ್ಲುವುದು. ಈಗಿನ ಈಥರ್‌ನೆಟ್‌ನಲ್ಲಿ, ಎಂದರೆ ತಂತಿಯ ಜಾಲದಲ್ಲಿ, ಹೋಗುವುದೂ ಬರುವುದೂ ಏಕಕಾಲಕ್ಕೆ ನಡೆಯುತ್ತವೆ, ಸರದಿಗೆ ಕಾಯುವ ಪ್ರಶ್ನೆಯೇ ಇಲ್ಲ; ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪಿಂಗ್ ಮಾಡಿದರೆ, ಎಂದರೆ ‘ಇದ್ದೀಯಾ’ ಎಂದು ಪುಟ್ಟ ಸಂದೇಶ ಕಳಿಸಿದರೆ, ಉತ್ತರ ಒಂದು ಮಿಲಿಸೆಕೆಂಡಿಗೂ ಮುಂಚೆ ಬರುತ್ತದೆ, ಮತ್ತು ಸಾವಿರ ಸಲ ಕೇಳಿದರೂ ಹೆಚ್ಚುಕಡಿಮೆ ಹಾಗೆಯೇ ಬರುತ್ತದೆ. ಆದರೆ ತಡ ಹುಟ್ಟುವುದು ದಾರಿಯಲ್ಲಿ ಮಾತ್ರವಲ್ಲ. ಚಿತ್ರವನ್ನು ಕುಗ್ಗಿಸುವುದಕ್ಕೆ, ಬಿಚ್ಚುವುದಕ್ಕೆ, ಕೊನೆಗೆ ಟಿವಿ ತನ್ನ ಪರದೆಯಲ್ಲಿ ತೋರಿಸುವುದಕ್ಕೆ ಪ್ರತ್ಯೇಕವಾಗಿ ಹೊತ್ತು ಹಿಡಿಯುತ್ತದೆ, ಮತ್ತು ಈ ಮೂರನ್ನು ಯಾವ ಕೇಬಲ್ಲೂ ಕಡಿಮೆ ಮಾಡಲಾರದು. ನಾನು ಕಂಡ ಒಂದು ಮನೆಯಲ್ಲಿ ಗೋಡೆ ಕೊರೆಸಿ, ಪ್ಲಾಸ್ಟರ್ ಹಾಕಿಸಿ, ಬಣ್ಣ ಹೊಡೆಸಿದ ಮೇಲೂ ಗುಂಡಿಗೂ ಪರದೆಗೂ ನಡುವಿನ ತಡ ಹಾಗೆಯೇ ಉಳಿದಿತ್ತು. ಟಿವಿ ಚಿತ್ರವನ್ನು ನಯಗೊಳಿಸಲು ತಾನೇ ಹಲವು ಸಂಸ್ಕಾರಗಳನ್ನು ಮಾಡುತ್ತಿತ್ತು. ಸೆಟ್ಟಿಂಗಿಗೆ ಹೋಗಿ ‘ಗೇಮ್ ಮೋಡ್’ ಹಾಕಿದೊಡನೆ ತೊಂದರೆ ಮುಗಿಯಿತು. ಮನೆಯವರ ಮುಖ ನೋಡಲು ನನಗೇ ಸಂಕೋಚವಾಯಿತು.

ಆದಕಾರಣ ಗೋಡೆಗೆ ಕೈ ಹಾಕುವ ಮುನ್ನ ಒಂದು ಸಂಜೆಯ ಪರೀಕ್ಷೆ ಮಾಡಿ. ಎರಡೂ ತುದಿಗೆ ಜ್ಯಾಕ್ ಹಾಕಿರುವ 20 ಅಥವಾ 30 ಮೀಟರಿನ ಸಿದ್ಧ ಕೇಬಲ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಮೆಟ್ಟಿಲ ಮೇಲೆ ಹಾಸಿ ಮಹಡಿಯ ಕಂಪ್ಯೂಟರನ್ನು ಹಜಾರದ ರೌಟರಿಗೆ ಜೋಡಿಸಿ, ಲ್ಯಾಪ್‌ಟಾಪನ್ನು ಇನ್ನೊಂದು ತುಂಡು ಕೇಬಲ್ಲಿನಿಂದ ಅದೇ ರೌಟರಿಗೆ ಸೇರಿಸಿ, ಎರಡರಲ್ಲೂ ವೈಫೈ ಆಫ್ ಮಾಡಿ, ಟಿವಿಯಲ್ಲಿ ಗೇಮ್ ಮೋಡ್ ಹಾಕಿ ಆಡಿಸಿ ನೋಡಿ. ಆಟ ಸರಾಗವಾದರೆ ಗೋಡೆಯ ಕೆಲಸಕ್ಕೆ ಹಣ ಹಾಕಬಹುದು. ಆಗಲೂ ತೊಡರಿದರೆ ದೋಷ ಬಹುಶಃ ಲ್ಯಾಪ್‌ಟಾಪಿನದು. ಅದು ಇಂಟೆಲ್‌ನ 6ನೇ ತಲೆಮಾರಿಗಿಂತ, ಎಂದರೆ 2015ಕ್ಕಿಂತ, ಹಳೆಯ ಚಿಪ್ಪಿನದಾದರೆ ಎಚ್‌ಇವಿಸಿ ಎಂಬ ಹೊಸ ವಿಧಾನದಲ್ಲಿ ಕುಗ್ಗಿಸಿದ ಚಿತ್ರವನ್ನು ಬಿಚ್ಚಲು ಏದುಸಿರು ಬಿಡುತ್ತದೆ, ಸೆಟ್ಟಿಂಗಿನಲ್ಲಿ ಹಳೆಯ ವಿಧಾನವಾದ ಎಚ್.264 ಎಂದು ಆರಿಸಿಕೊಂಡರೆ ಅನೇಕ ಸಲ ಅಷ್ಟರಿಂದಲೇ ಸರಿಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಕೇಬಲ್ ಪೋರ್ಟೇ ಇಲ್ಲದಿದ್ದರೆ ಯುಎಸ್‌ಬಿ 3 ಅಡಾಪ್ಟರ್ ಕೊಳ್ಳಬೇಕಾಗುತ್ತದೆ.

ಪರೀಕ್ಷೆ ಗೆದ್ದಿತೆಂದು ಇಟ್ಟುಕೊಂಡು ಕೇಬಲ್ಲಿನ ವಿಚಾರಕ್ಕೆ ಬರುತ್ತೇನೆ. ಕ್ಯಾಟ್ 8 ಎಂಬುದು ಡೇಟಾ ಸೆಂಟರ್‌ಗಳಲ್ಲಿ 30 ಮೀಟರಿನೊಳಗೆ 25 ಅಥವಾ 40 ಗಿಗಾಬಿಟ್ (ಒಂದು ಗಿಗಾಬಿಟ್ ಎಂದರೆ 1000 ಎಂಬಿಪಿಎಸ್) ಸಾಗಿಸಲೆಂದು ರೂಪಿಸಿದ ದಪ್ಪ, ಬಿರುಸು ಕೇಬಲ್. ಅದರ ಲೋಹದ ಹೊದಿಕೆಯನ್ನು ಸರಿಯಾಗಿ ಅರ್ತಿಂಗ್‌ಗೆ ಕೂಡಿಸದಿದ್ದರೆ ಆ ಹೊದಿಕೆಗೆ ಕೊಟ್ಟ ಹಣ ವ್ಯರ್ಥ. ನಿಮ್ಮ ಮನೆಯ ದೂರಕ್ಕೆ ಕ್ಯಾಟ್ 5ಇ ಕೂಡ ಸಾಕು: ಅದು 100 ಮೀಟರಿನವರೆಗೆ ಒಂದು ಗಿಗಾಬಿಟ್ ಒಯ್ಯುತ್ತದೆ, 2016ರಲ್ಲಿ ಬಂದ 2.5 ಗಿಗಾಬಿಟ್ ಮಾನದಂಡವನ್ನೂ ಅದರ ಮೇಲೆಯೇ ನಡೆಯುವಂತೆ ರೂಪಿಸಲಾಗಿದೆ. ಆದರೂ ಹೊಸದಾಗಿ ಎಳೆಸುವುದಾದರೆ ನಾನು ಕ್ಯಾಟ್ 6 ಹಾಕಿಸುತ್ತೇನೆ. ಅದು ಸುಮಾರು 55 ಮೀಟರಿನವರೆಗೆ ಹತ್ತು ಗಿಗಾಬಿಟ್ ಹೊರಬಲ್ಲದು, ಮನೆಯಲ್ಲಿ ಮತ್ತೊಮ್ಮೆ ಕೇಬಲ್ ಬದಲಿಸುವ ಪ್ರಸಂಗ ಬರುವುದಿಲ್ಲ.

ಅಂಕಿಗಿಂತ ಮುಖ್ಯವಾದದ್ದು ಒಳಗಿನ ಲೋಹ. ಅಗ್ಗದ ಸುರುಳಿಗಳಲ್ಲಿ ಬಹಳಷ್ಟು ಸಿಸಿಎ ಎಂಬ ಜಾತಿಯವು, ಎಂದರೆ ಅಲ್ಯೂಮಿನಿಯಂ ತಂತಿಯ ಮೇಲೆ ತಾಮ್ರದ ತೆಳು ಲೇಪ. ಅಂಥದನ್ನು ನಾನೂ ಒಮ್ಮೆ, ಹೊಸಬನಾಗಿದ್ದಾಗ, ಗೊತ್ತಿಲ್ಲದೆ ಒಂದು ಇಡೀ ಮಹಡಿಗೆ ಎಳೆಸಿದ್ದೆ. ವರ್ಷ ಕಳೆಯುವುದರೊಳಗೆ ಗೋಡೆಪೆಟ್ಟಿಗೆಗಳಲ್ಲಿ ತಿರುವಿದಲ್ಲೆಲ್ಲ ಎಳೆಗಳು ತುಂಡಾಗಿ, ಸ್ವಂತ ಖರ್ಚಿನಲ್ಲಿ ಎಲ್ಲವನ್ನೂ ತೆಗೆಸಿ ಹೊಸದು ಹಾಕಿಸಿಕೊಟ್ಟೆ. ಅಂಗಡಿಯಲ್ಲೇ ಅರ್ಧ ಅಡಿ ಕತ್ತರಿಸಿ ಎಳೆಯೊಂದನ್ನು ಚಾಕುವಿನಿಂದ ಕೆರೆಯಿರಿ. ಕೆಂಪು ಹೋಗಿ ಬಿಳಿ ಕಂಡರೆ ಆ ಸುರುಳಿಯನ್ನು ಅಲ್ಲೇ ಬಿಟ್ಟು ಬನ್ನಿ. ಪೂರ್ತಿ ತಾಮ್ರದ ಸುರುಳಿ ಕೈಗೇ ಭಾರ ಎನಿಸುತ್ತದೆ. ಗೋಡೆಯೊಳಗೆ ಹೋಗುವುದು ಒಂಟಿ ಗಟ್ಟಿ ಎಳೆಯ ಕೇಬಲ್ ಆಗಿರಲಿ, ಅದು ಗೋಡೆಯ ಪೆಟ್ಟಿಗೆಯಲ್ಲೇ ಮುಗಿಯಲಿ. ಅಲ್ಲಿಂದ ಕಂಪ್ಯೂಟರಿಗೆ ಪ್ಯಾಚ್ ಕಾರ್ಡ್ ಎಂಬ, ಎರಡೂ ತುದಿಗೆ ಜ್ಯಾಕ್ ಇರುವ ಮೆತ್ತನೆಯ ತುಂಡು ಕೇಬಲ್ ಹಾಕಿ. ಗಟ್ಟಿ ಎಳೆಯನ್ನು ದಿನವೂ ಅಲುಗಾಡಿಸಿದರೆ ಅದು ತಾಳುವುದಿಲ್ಲ.

ಕೇಬಲ್ಲಿನ ಹಾದಿಯ ವಿಷಯದಲ್ಲಿ ನಾನು ಖಂಡಿತವಾಗಿ ಬೇಡವೆನ್ನುವುದು ಕರೆಂಟ್ ಪೈಪಿನ ಸಲಹೆಯನ್ನು. ಕರೆಂಟಿನ ತಂತಿಯ ಪಕ್ಕದಲ್ಲಿ ಸಾಗಿದರೆ ಸಂಕೇತ ಕೆಡುತ್ತದೆ ಎಂಬ ಮಾತು ನಿಜವಾದರೂ ಅದು ಎರಡನೆಯ ಕಾರಣ. ಈ ಕೇಬಲ್ಲಿನ ಜೋಡಿಗಳನ್ನು ಹುರಿಗಟ್ಟಿರುವುದೇ ಅಂಥ ಹೊರಗಿನ ಗದ್ದಲವನ್ನು ತಾಳಿಕೊಳ್ಳಲೆಂದು. ಮೊದಲ ಕಾರಣ ಪ್ರಾಣದ್ದು. ಡೇಟಾ ಕೇಬಲ್ಲಿನ ತೆಳು ಹೊದಿಕೆ 230 ವೋಲ್ಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಇರಲೆಂದು ಮಾಡಿದ್ದಲ್ಲ. ಸ್ಪ್ರಿಂಗ್ ಹಾಕಿ ಎಳೆಯುವಾಗ ಎಲ್ಲೋ ಒಂದು ಬಾಗಿನಲ್ಲಿ ಎರಡರ ಹೊದಿಕೆಯೂ ತರಚಿತೆಂದರೆ, ಮಕ್ಕಳು ಕೈಯಲ್ಲಿ ಹಿಡಿಯುವ ಲ್ಯಾಪ್‌ಟಾಪಿನವರೆಗೆ ಮನೆಯ ಕರೆಂಟು ಬರಬಹುದು. ಫೋನಿಗೋ ಕೇಬಲ್ ಟಿವಿಗೋ ಹಿಂದೆ ಹಾಕಿಸಿದ್ದ ಪ್ರತ್ಯೇಕ ಪೈಪು ಖಾಲಿ ಇದ್ದರೆ ಅದನ್ನು ಧಾರಾಳವಾಗಿ ಬಳಸಿಕೊಳ್ಳಿ. ಹಳೆಯ ಮನೆಗಳಲ್ಲಿ ಎಷ್ಟೋ ಸಲ ಅದು ಇದ್ದೂ ಮರೆತುಹೋಗಿರುತ್ತದೆ.

ಅಂಥ ಪೈಪಿಲ್ಲವಾದರೆ ಸೈಜುಗಲ್ಲನ್ನು ಕೊರೆಯುವ ಸಾಹಸವೂ ಬೇಡ. ಎರಡು ದಾರಿಗಳಿವೆ. ಮೆಟ್ಟಿಲ ಗೋಡೆಯ ಅಂಚಿನಲ್ಲಿ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆಸಿ ಅದರೊಳಗೆ ಇಳಿಸುವುದು ಸುಲಭ, ಅಗ್ಗ, ನಾಳೆ ಬಿಚ್ಚಲೂ ಬರುತ್ತದೆ. ನೋಡಲು ಅಷ್ಟು ಚೆಂದವಿಲ್ಲ ಎಂಬುದೊಂದೇ ದೂರು. ಇಲ್ಲವೇ ಮಹಡಿಯ ಇಟ್ಟಿಗೆ ಗೋಡೆಗೆ ಮಾತ್ರ ಒಂದು ತೂತು ಹಾಕಿ, ಹೊರಗೋಡೆಯ ಮೇಲೆ 25 ಮಿಲಿಮೀಟರಿನ ಪೈಪಿನಲ್ಲಿ ಇಳಿಸಿ, ಹಜಾರದ ಕಿಟಕಿಯ ಮರದ ಚೌಕಟ್ಟಿನ ಮೂಲಕ ಒಳಗೆ ತರಬಹುದು. ತೂತು ಹೊರಕ್ಕೆ ಇಳಿಜಾರಾಗಿರಲಿ, ಇಲ್ಲವಾದರೆ ಮಳೆನೀರು ಕೇಬಲ್ಲಿನ ಗುಂಟ ಮನೆಯೊಳಕ್ಕೆ ಬರುತ್ತದೆ. ಮಾಮೂಲಿ ಕೇಬಲ್ಲಿನ ಹೊದಿಕೆ ಬಿಸಿಲಿಗೆ ಸಿಡಿಯುತ್ತದೆ, ಅಳಿಲು ಮತ್ತು ಇಲಿಗಳಿಗೆ ಅದರ ಮೇಲೆ ಏಕೋ ಬಹಳ ಪ್ರೀತಿ. ಆದ್ದರಿಂದ ಹೊರಗೆ ಬಿಸಿಲು ತಾಳುವ ಕಪ್ಪು ಹೊದಿಕೆಯ ಕೇಬಲ್ಲನ್ನೇ ಹಾಕಿಸಿ, ಒಂದಿಂಚೂ ಪೈಪಿನಿಂದ ಹೊರಗೆ ಬಿಡಬೇಡಿ. ಯಾವ ದಾರಿಯಾದರೂ ಒಂದರ ಬದಲು ಎರಡು ಕೇಬಲ್ ಎಳೆಸಿ. ಕೂಲಿ ಎರಡಕ್ಕೂ ಒಂದೇ. ಇಲಿ ಕಡಿದ ದಿನ ಎರಡನೆಯದು ನೆನಪಾಗುತ್ತದೆ.

ತುದಿಗೆ ಜ್ಯಾಕ್ ಹಾಕುವ ಕೆಲಸ ಐದು ನಿಮಿಷದ್ದು, ಆದರೆ ನಾನು ಕಂಡ ದೋಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹುಟ್ಟಿದಂಥವು. ಕೇಬಲ್ಲಿನೊಳಗೆ ನಾಲ್ಕು ಜೋಡಿ, ಒಟ್ಟು ಎಂಟು ಎಳೆಗಳಿವೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. 100ಕ್ಕೆ ಬೇಡವಾದ ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಸರಿಯಾಗಿ ಕಚ್ಚದಿದ್ದರೆ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ, ಮನೆಯವರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಎಳೆಗಳ ಕ್ರಮ ಎರಡೂ ತುದಿಯಲ್ಲಿ ಒಂದೇ ಆಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೆಲಸಗಾರರು ಹೋಗುವ ಮುನ್ನ ಅವರ ಕೇಬಲ್ ಟೆಸ್ಟರಿನಲ್ಲಿ ಎಂಟೂ ದೀಪ ಸರದಿಯಂತೆ ಹತ್ತುವುದನ್ನು ನೋಡಿ, ಆಮೇಲೆ ವಿಂಡೋಸ್‌ನ ನೆಟ್‌ವರ್ಕ್ ವಿವರದಲ್ಲಿ 1000 ಎಂದಿದೆಯೇ, 100 ಎಂದಿದೆಯೇ ಎಂದು ನೀವೇ ನೋಡಿಕೊಂಡು ಹಣ ಕೊಡಿ. ಐಪರ್ಫ್ ಎಂಬ ಉಚಿತ ತಂತ್ರಾಂಶದಿಂದ ಎರಡು ಕಂಪ್ಯೂಟರ್‌ಗಳ ನಡುವಿನ ವೇಗ ಅಳೆದರೆ ಸರಿಯಾದ ಗಿಗಾಬಿಟ್ ತಂತಿ ಸುಮಾರು 940 ಎಂಬಿಪಿಎಸ್ ತೋರಿಸುತ್ತದೆ. ಮಗಳೋ ಮಗನೋ ಹತ್ತು ನಿಮಿಷದಲ್ಲಿ ಮಾಡಿ ತೋರಿಸಬಲ್ಲ ಕೆಲಸ ಅದು.

ಇಂಟರ್ನೆಟ್ ಕೊಟ್ಟವರು ಹಜಾರದಲ್ಲಿ ಇಟ್ಟಿರುವ ಫೈಬರ್ ಪೆಟ್ಟಿಗೆಯ, ಎಂದರೆ ಆ ರೌಟರಿನ, ಹಿಂಬದಿಯನ್ನೂ ಒಮ್ಮೆ ನೋಡಿ. ಅಗ್ಗದ ಪೆಟ್ಟಿಗೆಗಳಲ್ಲಿ ನಾಲ್ಕು ಪೋರ್ಟುಗಳಿದ್ದರೂ ಗಿಗಾಬಿಟ್ಟಿನದು ಒಂದೇ ಇರುವುದುಂಟು, ಉಳಿದ ಮೂರು 100ರವು. ನಿಮ್ಮ ಆಟಕ್ಕೆ ಅದೂ ಸಾಲುತ್ತದೆ, ಆದರೆ ದೊಡ್ಡ ಆಟದ ಕಡತವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಬೇಸರ ಬರುತ್ತದೆ. ಐದು ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್ ಒಂದನ್ನು ಹಾಕಿ, ಮಹಡಿಯ ಕೇಬಲ್, ಲ್ಯಾಪ್‌ಟಾಪ್, ಫೈಬರ್ ಪೆಟ್ಟಿಗೆ ಮೂರನ್ನೂ ಅದಕ್ಕೆ ಸೇರಿಸಿದರೆ ಆಟದ ಚಿತ್ರ ಫೈಬರ್ ಪೆಟ್ಟಿಗೆಯನ್ನು ಮುಟ್ಟದೆ ಸ್ವಿಚ್ಚಿನೊಳಗೇ ದಾಟಿಹೋಗುತ್ತದೆ. ಅಂಗಡಿಯಲ್ಲಿ ‘ನೆಟ್‌ವರ್ಕ್ ಸ್ವಿಚ್’ ಎಂದೇ ಕೇಳಿ. ಬರೀ ಸ್ವಿಚ್ ಎಂದ ಒಬ್ಬರಿಗೆ ಫ್ಯಾನಿನ ಸ್ವಿಚ್ ಕೊಟ್ಟು ಕಳಿಸಿದ್ದನ್ನು ನೋಡಿದ್ದೇನೆ. ಮನೆಯಲ್ಲಿ ಬಿದ್ದಿರುವ ಹಳೆಯ ರೌಟರನ್ನೇ ಸ್ವಿಚ್ಚಿನಂತೆ ಬಳಸುವುದಾದರೆ ಅದರಲ್ಲಿ ಡಿಎಚ್‌ಸಿಪಿ ಎಂಬ, ಸಾಧನಗಳಿಗೆ ವಿಳಾಸ ಹಂಚುವ ಸೌಲಭ್ಯವನ್ನು ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ ಎಂದಿರುವ ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೇ ಹಾಕಿ. ಇಲ್ಲದಿದ್ದರೆ ಒಂದೇ ಮನೆಯಲ್ಲಿ ಎರಡು ಬೇರೆ ಬೇರೆ ಜಾಲಗಳಾಗಿ ಲ್ಯಾಪ್‌ಟಾಪಿಗೆ ಮಹಡಿಯ ಕಂಪ್ಯೂಟರ್ ಕಾಣಿಸುವುದೇ ಇಲ್ಲ. ಸ್ವಿಚ್ಚನ್ನೂ ಫೈಬರ್ ಪೆಟ್ಟಿಗೆಯನ್ನೂ ಯುಪಿಎಸ್ ಲೈನಿಗೆ ಹಾಕಿಡಿ. ಎರಡೂ ಸೇರಿದರೂ ತಿನ್ನುವ ಕರೆಂಟು ಅತ್ಯಲ್ಪ.

ತಂತ್ರಾಂಶದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆಟಗಳೆಲ್ಲ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿದ್ದರೆ ಅದರದೇ ರಿಮೋಟ್ ಪ್ಲೇ ಇದೆ. ಇಲ್ಲವಾದರೆ ಮೇಲೆ ಸನ್‌ಶೈನ್, ಕೆಳಗೆ ಮೂನ್‌ಲೈಟ್, ಎರಡೂ ಉಚಿತ. ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್‌ವಿಡಿಯಾ ಇದೇ ಕೆಲಸದ ತನ್ನ ಗೇಮ್‌ಸ್ಟ್ರೀಮ್ ಸೌಲಭ್ಯವನ್ನು 2023ರಲ್ಲಿ ನಿಲ್ಲಿಸಿದ್ದರಿಂದ ಹಳೆಯ ಸೂಚನೆಗಳನ್ನು ನಂಬಿ ಅದನ್ನು ಹುಡುಕಬೇಡಿ. ವಿಂಡೋಸ್‌ನಲ್ಲಿ ಜಾಲವನ್ನು ‘ಪಬ್ಲಿಕ್’ ಎಂದು ಬಿಟ್ಟಿದ್ದರೆ ‘ಪ್ರೈವೇಟ್’ ಎಂದು ಬದಲಿಸಬೇಕು, ಇಲ್ಲವಾದರೆ ಫೈರ್‌ವಾಲ್ ಬಾಗಿಲು ತೆರೆಯುವುದಿಲ್ಲ.

ತಂತಿಯನ್ನು ಪೂರ್ತಿ ಎಳೆಸಲು ಆಗದೇಹೋದರೆ ಅರ್ಧ ದಾರಿಯೂ ಉಂಟು. ಮೇಲೆ ಹೇಳಿದ ಎರಡು ಸಲದ ಗಾಳಿಯ ಪಯಣ ನೆನಪಿದ್ದರೆ, ಹಜಾರದಲ್ಲಿ ರೌಟರಿನ ಪಕ್ಕದಲ್ಲೇ ಇರುವ ಲ್ಯಾಪ್‌ಟಾಪಿಗೆ ಈಗಲೇ ಒಂದು ಮೀಟರಿನ ಕೇಬಲ್ ಹಾಕಬಹುದು, ಗಾಳಿಯ ಹೊರೆ ಅಷ್ಟರಿಂದಲೇ ಇಳಿಯುತ್ತದೆ. ಕರೆಂಟಿನ ತಂತಿಯ ಮೇಲೇ ಡೇಟಾ ಸಾಗಿಸುವ ಪವರ್‌ಲೈನ್ ಅಡಾಪ್ಟರ್‌ಗಳನ್ನು ನಾನು ಇಲ್ಲಿನ ಮನೆಗಳಿಗೆ ಹೇಳುವುದಿಲ್ಲ: ಮಹಡಿ ಒಂದು ಫೇಸಿನಲ್ಲಿ, ಕೆಳಮನೆ ಇನ್ನೊಂದರಲ್ಲಿ ಇದ್ದರೆ ವೇಗ ಬಿದ್ದುಹೋಗುತ್ತದೆ, ನೀರಿನ ಮೋಟರ್ ಶುರುವಾದರೆ ಆಟ ನಿಲ್ಲುತ್ತದೆ.

ಇನ್ನು ಭಾವನವರ ಮನೆ. ನಲವತ್ತು ಮೀಟರ್ ಎಂಬುದು ತಾಮ್ರದ ಕೇಬಲ್ಲಿಗೆ ದೂರವೇ ಅಲ್ಲ, ಹಾಕಿದ ದಿನ ಚೆನ್ನಾಗಿಯೇ ನಡೆಯುತ್ತದೆ. ಆದರೂ ಹಾಕಬೇಡಿ. ಎರಡು ಕಟ್ಟಡಗಳಿಗೆ ಎರಡು ಅರ್ತಿಂಗ್ ಇರುತ್ತವೆ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಆ ಎರಡು ನೆಲಗಳ ನಡುವೆ ಕ್ಷಣಕಾಲ ಏಳುವ ವೋಲ್ಟೇಜ್ ವ್ಯತ್ಯಾಸಕ್ಕೆ ನೀವು ಎಳೆಸಿದ ತಾಮ್ರವೇ ಸೇತುವೆಯಾಗುತ್ತದೆ. ಈಥರ್‌ನೆಟ್ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ತಡೆಯುವುದು ಸುಮಾರು 1500 ವೋಲ್ಟಿನವರೆಗೆ ಮಾತ್ರ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ನಮ್ಮ ಕಡೆ ಗುಡುಗು ಸಿಡಿಲು ಹೇಗಿರುತ್ತವೆಂದು ನಿಮಗೆ ಹೇಳಬೇಕಾಗಿಲ್ಲ, ಸಿಡಿಲಿಗೆ ಸುಳಿ ಕರಟಿಹೋದ ತೆಂಗಿನಮರವನ್ನು ನೋಡದ ತೋಟದವರೂ ಇಲ್ಲಿಲ್ಲ. ಅಂಥ ಮರಕ್ಕೇ ಕಟ್ಟಿದ ತಾಮ್ರದ ಇನ್ನೊಂದು ತುದಿ ನಿಮ್ಮ ಮಗನ ಕಂಪ್ಯೂಟರಿಗೆ ಬಂದು ಸೇರುತ್ತದೆ.

ಅಲ್ಲಿಗೆ ಬೇಕಾದದ್ದು ಫೈಬರ್. ಗಾಜಿನ ಎಳೆಯಲ್ಲಿ ಕರೆಂಟು ಹರಿಯದು. ನಿಮ್ಮ ಮನೆಗೆ ಇಂಟರ್ನೆಟ್ ತಂದಿರುವ ತೆಳು ಕೇಬಲ್ಲಿನ ಜಾತಿಯದೇ ಒಂದು ತುಂಡು, ಎರಡು ತುದಿಗೂ ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿನ ಸಂಕೇತವಾಗಿ ಬದಲಿಸುವ ಒಂದೊಂದು ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಇದ್ದರಾಯಿತು. ಒಂದೇ ಎಳೆಯಲ್ಲಿ ನಡೆಯುವಂಥವು ಎ ಮತ್ತು ಬಿ ಎಂಬ ಜೋಡಿಯಾಗಿ ಬರುತ್ತವೆ, ಎರಡನ್ನೂ ಎ ಆಗಿ ತಂದರೆ ದೀಪ ಹತ್ತುವುದಿಲ್ಲ. ಫೈಬರ್ ಬೆಸೆಯುವ ಯಂತ್ರ ಇಂಟರ್ನೆಟ್ ಕೆಲಸದ ಹುಡುಗರ ಬಳಿ ಇರುತ್ತದೆ. ಮರಗಳಿಗೆ ಕಟ್ಟುವ ಬದಲು ಕಾಂಪೌಂಡಿನ ಗುಂಟ ಒಂದೂವರೆ ಅಡಿ ಆಳದಲ್ಲಿ ಕಪ್ಪು ಎಚ್‌ಡಿಪಿಇ ಪೈಪ್ ಹೂಳಿಸಿ ಅದರಲ್ಲಿ ಹಾಯಿಸಿ. ಮೇಲೆ ಕಟ್ಟಿದ್ದು ಮೊದಲ ಗಾಳಿಗೆ ಸೋಗೆ ಬಿದ್ದು ಹರಿಯುತ್ತದೆ. ಇಂಟರ್ನೆಟ್ಟನ್ನೂ ಅದರಲ್ಲೇ ಹಂಚುವ ಯೋಚನೆಯಿದ್ದರೆ ನಿಮ್ಮ ಸಂಪರ್ಕದ ಷರತ್ತುಗಳನ್ನು ಮೊದಲು ಓದಿ, ಇನ್ನೊಂದು ಮನೆಗೆ ಕೊಡುವುದಕ್ಕೆ ಅನುಮತಿ ಇಲ್ಲದಿರಬಹುದು. ಆಟಕ್ಕಂತೂ ಇಂಟರ್ನೆಟ್ ಬೇಡ. ಕೇಬಲ್ ಕೊಳ್ಳುವಾಗ ಒಂದು ಎಚ್ಚರಿಕೆ ಇರಲಿ. ಕಂಬಗಳ ಮೇಲೆ ಎಳೆಯುವ ಫೈಬರ್ ಕೇಬಲ್ಲಿನ ಪಕ್ಕದಲ್ಲಿ ಭಾರ ಹೊರಲೆಂದು ಒಂದು ಉಕ್ಕಿನ ತಂತಿ ಅಂಟಿಕೊಂಡಿರುತ್ತದೆ, ಗಾಜಿನ ಆಜುಬಾಜಿನ ಸಣ್ಣ ಕಡ್ಡಿಗಳೂ ಕೆಲವದರಲ್ಲಿ ಉಕ್ಕಿನವೇ. ತಾಮ್ರ ಬೇಡವೆಂದು ಬಿಟ್ಟು ಉಕ್ಕನ್ನು ಮನೆಯೊಳಗೆ ತಂದರೆ ಸಿಡಿಲಿಗೆ ಎರಡೂ ಒಂದೇ. ಲೋಹವಿಲ್ಲದ, ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ಕಡ್ಡಿಯ ಕೇಬಲ್ ಎಂದು ಹೆಸರು ಹಿಡಿದು ಕೇಳಿ, ತಂದ ಮೇಲೆ ಒಂದು ತುದಿ ಸೀಳಿ ಅಯಸ್ಕಾಂತ ಹಿಡಿದು ನೋಡಿ.